ಅತ್ತೆ ಕೂತಷ್ಟು ಮಣ್ಣು

ಆಸ್ಪತ್ರೆಯವರು ಸಿಪ್ಪೆಯಕ್ಕನಿಗೆ ಎರಡು ಲಾರಿ ಮಣ್ಣು ಕೊಡಬೇಕು. ಇವತ್ತಿನವರೆಗೂ ಕೊಟ್ಟಿಲ್ಲ. ದುಡ್ಡಾಗಿದ್ದರೆ ಯಾರೋ ದೊಡ್ಡಮನುಷ್ಯರು ನಡುವೆ ಬಂದು, 'ಅರ್ಧ ತಗೊಂಡು ಸುಮ್ಮನಾಗಮ್ಮ' ಎಂದು ಪಂಚಾಯಿತಿ ಮಾಡಿ, ಟೀ ಕುಡಿದು ಹೋಗುತ್ತಿದ್ದರು. ಇದು ಮಣ್ಣು. ಇಪ್ಪತ್ತು ಹೆಜ್ಜೆ ಉದ್ದ, ಐದು ಹೆಜ್ಜೆ ಅಗಲ, ಒಂದೂವರೆ ಗೇಣು ಆಳ, ಹನ್ನೆರಡು ವರ್ಷ ಹಳೆಯದು. ಇದಕ್ಕೆ ಅರ್ಧ ಎಂಬ ಲೆಕ್ಕವಿಲ್ಲ.

ಆ ಮಣ್ಣು ಈಗ ಎಲ್ಲಿದೆ ಎಂಬುದು ಗುಟ್ಟೇನಲ್ಲ. ಆಸ್ಪತ್ರೆಯ ಮುಂಬಾಗಿಲಿನ ಎರಡೂ ಪಕ್ಕ, ಸುಣ್ಣ ಬಳಿದ ಇಟ್ಟಿಗೆ ಸಾಲಿನೊಳಗೆ ಬಿದ್ದಿದೆ. ಒಳಗೆ ಹೋಗುವವರೆಲ್ಲ ಅದನ್ನು ದಾಟಿಯೇ ಹೋಗುತ್ತಾರೆ. ಯಾರದ್ದು ಎಂದು ಮಾತ್ರ ಯಾರೂ ಕೇಳಿಲ್ಲ.

ಮುನ್ನೂರು ಹಾಸಿಗೆಯ ಆ ಆಸ್ಪತ್ರೆಯ ಅಡುಗೆಮನೆಯಲ್ಲಿ ತರಕಾರಿ ಸುಲಿಯುವವರು ನಾಲ್ಕು ಜನ ಹೆಂಗಸರು. ಸಿಪ್ಪೆಯಕ್ಕ ಅವರಲ್ಲಿ ಹಿರಿಯಳು. ಕುಳ್ಳನೆಯ ಆಳು, ಅಗಲ ಭುಜ. ಚಾಕು ಒತ್ತಿ ಒತ್ತಿ ಬಲಗೈ ಹೆಬ್ಬೆರಳು ಹಿಮ್ಮಡಿಯ ಹಾಗೆ ದಡ್ಡುಗಟ್ಟಿದೆ. ಚಾಕು ಮಾತ್ರ ಸವೆದು ಸವೆದು ಎಲೆಯಷ್ಟು ತೆಳ್ಳಗಾಗಿದೆ. ದಿನಕ್ಕೊಂದು ಮೂಟೆ ಆಲೂಗಡ್ಡೆ, ಅರ್ಧ ಮೂಟೆ ಕ್ಯಾರೆಟ್, ಮೇಲೆ ಕೋಸು, ಕುಂಬಳ, ಈರುಳ್ಳಿ. ಬೆಳಿಗ್ಗೆ ಆರಕ್ಕೆ ಕೂತರೆ ಹನ್ನೊಂದರವರೆಗೆ ಸೊಂಟ ಎತ್ತುವಂತಿಲ್ಲ. ಅಷ್ಟು ಹೊತ್ತು ಸುಲಿದದ್ದರಲ್ಲಿ ಒಂದು ಪಾಲು ಪಾತ್ರೆಗೆ, ಒಂದು ಪಾಲು ನೀಲಿ ಡ್ರಮ್ಮಿಗೆ. ಡ್ರಮ್ಮನ್ನು ದಿನಾ ಒಂದು ಗಾಡಿ ಬಂದು ಎಲ್ಲಿಗೋ ಒಯ್ದು ಸುರಿಯುತ್ತಿತ್ತು.

ಇದು ಅವಳಿಗೆ ಮೊದಲಿಂದಲೂ ಸರಿಬರಲಿಲ್ಲ. "ಎರಡೂ ನನ್ನ ಕೈಯಿಂದಲೇ ಬಂದಿದ್ದು. ಪಾತ್ರೆಗೆ ಹೋದದ್ದು ಕೆಲಸ, ಡ್ರಮ್ಮಿಗೆ ಹೋದದ್ದು ಕಸ ಅಂತ ಹೇಳಿದೋನು ಜೀವಮಾನದಲ್ಲಿ ಒಂದು ಗಡ್ಡೆ ಸುಲಿದಿರಲಿಕ್ಕಿಲ್ಲ," ಎನ್ನುತ್ತಿದ್ದಳು.

ಅವಳ ಮನೆ ಬಾಯ್ಲರಿನ ಹಿಂದೆ, ನೌಕರರ ಸಾಲುಮನೆಗಳಲ್ಲಿ ಕೊನೆಯದು. ಒಂದು ಕೋಣೆ, ಒಂದು ಒಲೆಕಟ್ಟೆ, ಹಿಂದುಗಡೆ ಒಂದು ಬಾಗಿಲು. ಹಾಗೆ ಎಂಟು ಮನೆ. ಹಿಂದಿನ ಬಾಗಿಲು ತೆಗೆದರೆ ಸುಟ್ಟ ಕಲ್ಲಿದ್ದಲಿನ ಕಿಟ್ಟ, ಒಡೆದ ಟೈಲು, ಗಾರೆಯ ಚೂರು. ಆಸ್ಪತ್ರೆ ಕಟ್ಟಿದಾಗ ಉಳಿದಿದ್ದನ್ನೆಲ್ಲ ತಂದು ಅಲ್ಲಿ ಸುರಿದು, ಅದರ ಮೇಲೆ ಬಾಯ್ಲರಿನ ಬೂದಿ ಹೊಯ್ದಿದ್ದರು. ಅಲ್ಲಿ ಹುಟ್ಟಲು ಹುಲ್ಲಿಗೂ ನಾಚಿಕೆ. ಗಂಡ ಬಾಯ್ಲರ್ ನೋಡಿಕೊಳ್ಳುವವನು, ಮಾತಿನಲ್ಲಿ ಕಡುಬಡವ. ಒತ್ತಡದ ಮುಳ್ಳು ಕೆಂಪು ಗೆರೆ ಮುಟ್ಟಿದರೆ ಮಾತ್ರ ದನಿ ಎತ್ತುತ್ತಿದ್ದ. ಅವನ ಪಾಲಿನ ಮಾತನ್ನೆಲ್ಲ ಅವನ ತಾಯಿ ಆಡುತ್ತಿದ್ದಳು. ಆ ಅತ್ತೆ ಇದೇ ಆಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತು ವರ್ಷ ಹಾಸಿಗೆ ಬಟ್ಟೆ ಒಗೆದು ನಿವೃತ್ತಳಾದವಳು. ಬೆರಳ ತುದಿಗಳು ಬಿಳಿಚಿಕೊಂಡಿದ್ದವು, ನಾಲಿಗೆ ಮಾತ್ರ ಕೆಂಪಾಗಿಯೇ ಉಳಿದಿತ್ತು.

ಸೊಸೆ ಮೊದಲ ಬಾರಿ ಒಂದು ಬಕೆಟ್ ಸಿಪ್ಪೆ ಹೊತ್ತು ಹಿಂಬಾಗಿಲಿಗೆ ಬಂದಾಗ ಅತ್ತೆ ಮೂಗು ಮುಚ್ಚಿಕೊಂಡಳು.

"ಬೇರೆಯವರ ಮನೆ ಸೊಸೇರು ಕೆಲಸದಿಂದ ಬರ್ತಾ ಬ್ರೆಡ್ಡು ಮೊಟ್ಟೆ ತರ್ತಾರೆ. ನಮ್ಮ ರಾಣಿ ಏನು ತಂದ್ಲು? ಮುನ್ನೂರು ಜನ ತಿನ್ನದೆ ಬಿಟ್ಟಿದ್ದು!"

"ಬ್ರೆಡ್ಡು ತಂದ್ರೆ ಕದ್ದೆ ಅಂತಾರೆ ಅತ್ತೆ. ಇದನ್ನ ತಂದ್ರೆ ಹುಚ್ಚಿ ಅಂತಾರೆ. ಹುಚ್ಚಿಗೆ ನೋಟೀಸು ಕೊಡಲ್ಲ."

ಕಿಟ್ಟವನ್ನು ಗೀರಿ, ಸಿಪ್ಪೆ ಹರಡಿ, ಮೇಲೆ ಒಣಎಲೆ ಮುಚ್ಚಿದಳು. ದಿನಾ ಒಂದು ಬಕೆಟ್, ಆಮೇಲೆ ಎರಡು. ಎರಡು ವರ್ಷ ಹೀಗೆ ಹೊತ್ತಳು. ಬೀಜ ಹಾಕಿದರೆ ಮೊಳಕೆ ಬರುತ್ತಿತ್ತು, ಎರಡು ಎಲೆ ಬಿಡುತ್ತಿತ್ತು, ಎಲೆಯ ಅಂಚು ಬೀಡಿ ಸುಟ್ಟ ಹಾಗೆ ಕಂದಾಗಿ ಮುದುರುತ್ತಿತ್ತು. ನೆಲದ ಮೇಲೆ ಬೆಳ್ಳಗೆ ಒಂದು ಪೊರೆ. ಸಾಲುಮನೆಯವರು ಬಾಗಿಲಲ್ಲಿ ನಿಂತು ನಕ್ಕರು. ಅವಳು ಅವರ ಕಡೆ ತಿರುಗಿಯೂ ನೋಡದೆ ಇನ್ನೊಂದು ಬಕೆಟ್ ಹೊತ್ತಳು. ತಪ್ಪು ಮಾಡುವಾಗಲೂ ಅವಳದ್ದು ಅದೇ ಹಟ, ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ತಪ್ಪು ಹಿಡಿದವಳು ಅತ್ತೆ. ಒಂದು ಮಧ್ಯಾಹ್ನ ಆ ಬಿಳಿ ಪೊರೆಯನ್ನು ಉಗುರಲ್ಲಿ ಕೆರೆದು ನಾಲಿಗೆಗೆ ಮುಟ್ಟಿಸಿ, ಥೂ ಎಂದು ಉಗಿದಳು.

"ಉಪ್ಪು ಕಣೇ! ಮೂವತ್ತು ವರ್ಷ ಬಟ್ಟೆ ಮೇಲಿನ ರಕ್ತದ ಕಲೆಗೆ ಉಪ್ಪು ಹಾಕಿದೋಳು ನಾನು, ನನಗೆ ಗೊತ್ತಾಗಲ್ವಾ? ಮಣ್ಣನ್ನ ಉಪ್ಪಿನಕಾಯಿ ಹಾಕ್ತಾ ಕೂತಿದ್ದೀಯಲ್ಲೇ ಎರಡು ವರ್ಷದಿಂದ!"

ಆಗ ಹೊಳೆಯಿತು. ಆ ಅಡುಗೆಮನೆಯಲ್ಲಿ ಒಂದು ಪದ್ಧತಿ: ಸುಲಿಯುವವರ ಮುಂದೆ ಒಂದು ದೊಡ್ಡ ತೊಟ್ಟಿ, ಅದರ ತುಂಬ ಉಪ್ಪುನೀರು. ಕೋಸಿನ ಹುಳ ಬಿಡಲಿ, ಆಲೂಗಡ್ಡೆ ಕಪ್ಪಾಗದಿರಲಿ ಎಂದು. ತರಕಾರಿಯನ್ನು ತೊಟ್ಟಿಯ ಮೇಲೆಯೇ ಹಿಡಿದು ಸುಲಿಯುವುದು, ತರಕಾರಿಯೂ ಸಿಪ್ಪೆಯೂ ಅದರೊಳಗೇ ಬೀಳುವುದು, ಕೊನೆಗೆ ಸಿಪ್ಪೆಯನ್ನು ಜರಡಿಯಲ್ಲಿ ಎತ್ತುವುದು. ಐದು ಗಂಟೆ ಉಪ್ಪಲ್ಲಿ ನೆನೆದ ಸಿಪ್ಪೆಯನ್ನು ಅವಳು ಎರಡು ವರ್ಷ ಹೊತ್ತಿದ್ದಳು. ಕೈ ಚುರುಗುಟ್ಟಿದಾಗಲೆಲ್ಲ ಆ ಉಪ್ಪನ್ನು ಬೈದವಳಿಗೆ, ಅದೇ ಉಪ್ಪು ಬಕೆಟ್ಟಿನಲ್ಲಿಯೂ ಬರುತ್ತಿದೆ ಎಂದು ಹೊಳೆದಿರಲಿಲ್ಲ.

ಮಾರನೆಯ ದಿನ ಅಡುಗೆಯ ಮೇಸ್ತ್ರಿಯ ಮುಂದೆ ನಿಂತಳು. ತೊಟ್ಟಿ ಆಚೆ ಸರಿಸಿ, ನೆಲದ ಮೇಲೆ ಗೋಣಿ ಹಾಸಿ ಒಣದಾಗಿ ಸುಲಿಯುತ್ತೇವೆ, ಸುಲಿದ ತರಕಾರಿ ಆಮೇಲೆ ಉಪ್ಪುನೀರಿಗೆ ಹೋಗಲಿ ಎಂದಳು.

"ತೊಟ್ಟಿ ಮೇಲೆ ಬೇಡ, ಗೋಣಿ ಮೇಲೆ ಬೇಕಂತೆ! ನಾಳೆ ನನ್ನ ತಲೆ ಮೇಲೆ ಸುಲೀತೀನಿ ಅಂತೀಯಾ."

"ನಿಮ್ಮ ತಲೆ ಮೇಲೆ ಸುಲಿಯೋಕೆ ಏನೂ ಉಳಿದಿಲ್ಲ ಬಿಡಿ ಮೇಸ್ತ್ರಿ."

ಬಕ್ಕತಲೆಯ ಮೇಸ್ತ್ರಿ ಹನ್ನೊಂದು ದಿನ ಅವಳೊಡನೆ ಮಾತು ಬಿಟ್ಟ, ಅವಳು ಒಬ್ಬಳೇ ಗೋಣಿ ಹಾಸಿಕೊಂಡು ಸುಲಿದಳು. ಹನ್ನೆರಡನೆಯ ದಿನ ಉಳಿದ ಮೂವರೂ ಗೋಣಿಯ ಸುತ್ತ ಕೂತರು. ಉಪ್ಪುನೀರಿನಲ್ಲಿ ಕೈ ಅದ್ದುವುದು ತಪ್ಪಿ ಅವರ ಬೆರಳಿನ ಬಿರುಕು ಮಾಯುವುದು ಯಾರಿಗೆ ಬೇಡ? ಮಣ್ಣಿಗೆಂದು ಕೇಳಿದ್ದು ಕೈಗೂ ದಕ್ಕಿತು. ಹಕ್ಕುಗಳು ಹೆಚ್ಚಾಗಿ ಹೀಗೆಯೇ ದಕ್ಕುವುದು, ಒಂದನ್ನು ಜಗ್ಗಿದರೆ ಇನ್ನೊಂದು ಅದರ ಬಾಲ ಹಿಡಿದು ಬರುತ್ತದೆ.

ಕೆಟ್ಟ ನೆಲಕ್ಕೆ ಅತ್ತೆಯೇ ಮದ್ದು ಹೇಳಿದಳು. ಕಲೆ ಬಿಡಿಸಲು ಉಪ್ಪು, ಉಪ್ಪು ಬಿಡಿಸಲು ನೀರು, ನೀರು, ಇನ್ನೂ ನೀರು. ಗಂಡ ಬಾಯ್ಲರ್ ಮನೆಯ ನಲ್ಲಿಯಿಂದ ಪೈಪು ಎಳೆದು ಮೂರು ಸಲ ಕೆರೆಯಂತೆ ನಿಲ್ಲಿಸಿ ಇಂಗಿಸಿದ. ಮೂರನೆಯ ಸಲ ಅತ್ತೆ ನೆಕ್ಕಿ ನೋಡಿ, "ಈಗ ಸಪ್ಪೆ" ಎಂದಳು. ಅಲ್ಲಿಂದ ಶುರು.

ಇದರಲ್ಲಿ ಗುಟ್ಟಿನ ವಿದ್ಯೆ ಏನೂ ಇಲ್ಲ. ಬಾಳೆಹಣ್ಣಿನ ಸಿಪ್ಪೆಯನ್ನು ಬೆರಳುದ್ದ ಕತ್ತರಿಸಬೇಕು, ಇಡೀ ಎಸೆದರೆ ತಿಂಗಳುಗಟ್ಟಲೆ ಚರ್ಮದ ಹಾಗೆ ಬಿದ್ದಿರುತ್ತದೆ. ಮೊಟ್ಟೆಯ ಚಿಪ್ಪನ್ನು ಬಾಯ್ಲರಿನ ಬಿಸಿ ಪೈಪಿನ ಮೇಲೆ ಒಣಗಿಸಿ ಹಿಟ್ಟಿನಂತೆ ಕುಟ್ಟಬೇಕು, ಇಡಿಯಾಗಿ ಹಾಕಿದ ಚಿಪ್ಪು ಮೂರು ವರ್ಷವಾದರೂ ಚಿಪ್ಪೇ. ಆಸ್ಪತ್ರೆಯ ಟೀಗೆ ಹಾಲು ಸಕ್ಕರೆ ಬೆರೆತಿರುತ್ತದೆ, ಚರಟವನ್ನು ಹಾಗೇ ಸುರಿದರೆ ಇರುವೆಗಳ ಮದುವೆ, ತೊಳೆದು ಹಾಕಬೇಕು. ಅನ್ನ, ಎಣ್ಣೆ, ಮಾಂಸ ಬೇಡ, ಇಲಿ ಬರುತ್ತದೆ. ಒಂದು ಪಾಲು ಹಸಿಗೆ ಎರಡು ಪಾಲು ಒಣದು: ರಸ್ತೆ ಬದಿಯ ಮರದ ಎಲೆ, ಔಷಧಿ ಪೆಟ್ಟಿಗೆಯ ರಟ್ಟು, ಅಂಟುಪಟ್ಟಿ ಕಿತ್ತು ಹರಿದದ್ದು. ಹದಿನೈದು ದಿನಕ್ಕೊಮ್ಮೆ ಗಂಡ ಬಾಯ್ಲರಿನ ಉದ್ದ ಕೊಕ್ಕೆಯಲ್ಲಿ ಅಡಿಮೇಲು ಮಾಡುತ್ತಿದ್ದ. ರಾಶಿಯೊಳಗೆ ಕೈ ಇಟ್ಟು ಶಾಖ ನೋಡಿ, "ಒತ್ತಡ ಚೆನ್ನಾಗಿದೆ" ಎನ್ನುತ್ತಿದ್ದ. ಹೆಂಡತಿಯನ್ನು ಅವನು ಹೊಗಳಿದ್ದು ಅಷ್ಟೇ, ಅವಳಿಗೂ ಅಷ್ಟು ಸಾಕಾಗಿತ್ತು.

ಎಂಟು ತಿಂಗಳಿಗೆ ಮೊದಲ ರಾಶಿ ಕಪ್ಪಾಯಿತು. ಮುಷ್ಟಿಯಲ್ಲಿ ಹಿಡಿದರೆ ಉಂಡೆ, ಬೆರಳು ಚುಚ್ಚಿದರೆ ಪುಡಿ. ಯಾರೂ ಕರೆಯದೆ ಎರೆಹುಳ ಬಂದವು. ಯಾರೂ ಬಿತ್ತದೆ ಕುಂಬಳ ಎದ್ದಿತು, ಟೊಮೇಟೊ ಎದ್ದಿತು. ನಕ್ಕವರೆಲ್ಲ ಸೊಪ್ಪು ಕೇಳಲು ಬಂದರು. ಅವಳು ಯಾರಿಗೂ ಇಲ್ಲ ಎನ್ನಲಿಲ್ಲ, ಒಂದು ಕಾನೂನು ಮಾತ್ರ ಹಾಕಿದಳು: ಎಲೆ ಒಯ್ಯುವವರು ಸಿಪ್ಪೆ ತರಬೇಕು. ಎಂಟು ಮನೆಯ ಸಿಪ್ಪೆಯೂ ಬಂತು, ಎಂಟು ಮನೆಯ ಹಿಂದೆಯೂ ಮಣ್ಣು ಹಬ್ಬಿತು. ಹನ್ನೆರಡು ವರ್ಷಕ್ಕೆ ಕಿಟ್ಟ ಕಣ್ಣಿಗೆ ಬೀಳದಂತಾಯಿತು.

ಕಣ್ಣಿಗೆ ಬಿದ್ದದ್ದು ಮಣ್ಣು. ಬಿದ್ದದ್ದು ಸುತ್ತೋಲೆ ಸಾಹೇಬನ ಕಣ್ಣಿಗೆ.

ಆಸ್ಪತ್ರೆಯ ಆಡಳಿತಾಧಿಕಾರಿಯನ್ನು ನೌಕರರು ಕರೆಯುತ್ತಿದ್ದುದೇ ಹಾಗೆ. ಚಪ್ಪಲಿ ಎಲ್ಲಿ ಬಿಡಬೇಕು, ಲಿಫ್ಟಿನಲ್ಲಿ ಯಾವ ಕಡೆ ಮುಖ ಮಾಡಿ ನಿಲ್ಲಬೇಕು, ಎಲ್ಲದಕ್ಕೂ ಒಂದೊಂದು ಸುತ್ತೋಲೆ. ಆ ವರ್ಷ ಆಸ್ಪತ್ರೆಗೆ ದರ್ಜೆ ಕೊಡುವ ತಪಾಸಣೆ ತಂಡ ಬರುವುದಿತ್ತು. ಮುಂಬಾಗಿಲಲ್ಲಿ ಗುಲಾಬಿ ತೋಟ ಬೇಕಿತ್ತು, ಮುಂಬಾಗಿಲಿನ ನೆಲವೂ ಅದೇ ಗಾರೆ, ಅದೇ ಕಿಟ್ಟ. ಬಾಯ್ಲರ್ ನೋಡಲು ಹಿಂದೆ ಬಂದ ಸಾಹೇಬ ಬೂಟಿನ ತುದಿಯಲ್ಲಿ ಆ ಮಣ್ಣನ್ನು ಒದ್ದು ನೋಡಿದ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಹಿತ್ತಲ ಮಣ್ಣಿಗೆ ಆ ಮಾತು ಅನ್ವಯಿಸುವುದಿಲ್ಲ ಎಂದು ಅವನಿಗೆ ಆಗಲೇ ಗೊತ್ತಾಗಿರಬೇಕು.

ಲಾರಿ ಬಂದದ್ದು ಒಂದು ಮಂಗಳವಾರ ಬೆಳಿಗ್ಗೆ ಏಳಕ್ಕೆ. ಸುಲಿಯುವವರು ಗೋಣಿಯ ಮುಂದೆ, ಗಂಡ ಬಾಯ್ಲರಿನ ಮುಂದೆ, ಎಂಟು ಮನೆಯವರೂ ಪಾಳಿಯ ಮೇಲೆ. ಸಾಲಿನಲ್ಲಿದ್ದವಳು ಅತ್ತೆ ಒಬ್ಬಳೇ. ಗುತ್ತಿಗೆದಾರನ ಆಳುಗಳು ಸಲಿಕೆ ಇಳಿಸುವುದನ್ನು ನೋಡಿ, ಒಳಗಿಂದ ಮರದ ಸ್ಟೂಲು ಹೊತ್ತು ತಂದು, ಟೊಮೇಟೊ ಸಾಲಿನ ನಟ್ಟನಡುವೆ ಹಾಕಿಕೊಂಡು ಕೂತಳು.

"ಏಳಜ್ಜಿ, ಸಾಹೇಬ್ರ ಆರ್ಡರಿದೆ."

"ಸಾಹೇಬನಿಗೆ ಹೇಳು, ಅವನ ಹಾಸಿಗೆ ಬಟ್ಟೆ ಒಗೆದೋಳು ಇಲ್ಲಿ ಕೂತವಳೆ ಅಂತ. ಎತ್ತೋದಾದ್ರೆ ಸ್ಟೂಲಿನ ಸಮೇತ ಎತ್ತಿ. ಎಪ್ಪತ್ತೆಂಟು ವರ್ಷದ ಮೂಳೆ, ಒಂದು ಮುರಿದ್ರೂ ಆಸ್ಪತ್ರೆ ಇಲ್ಲೇ ಇದೆ."

ಆಳುಗಳು ಪರಸ್ಪರ ಮುಖ ನೋಡಿಕೊಂಡು ಅವಳ ಸುತ್ತ ಕೆರೆದರು. ಸೊಪ್ಪು, ಬೀನ್ಸು, ಬೇರು, ಹುಳ, ಎಲ್ಲ ಲಾರಿಗೆ ಹೋಯಿತು. ಹನ್ನೊಂದಕ್ಕೆ ಸಿಪ್ಪೆಯಕ್ಕ ಬಕೆಟ್ ಹಿಡಿದು ಬಂದಾಗ ಇಪ್ಪತ್ತು ಹೆಜ್ಜೆಯೂ ಕಿಟ್ಟ. ನಡುವೆ ಒಂದು ಮಂಚದಷ್ಟು ದಿಬ್ಬ, ಅದರ ಮೇಲೆ ಸ್ಟೂಲು, ಸ್ಟೂಲಿನ ಮೇಲೆ ಅತ್ತೆ, ಅತ್ತೆಯ ಕಾಲಬುಡದಲ್ಲಿ ಎರಡು ಟೊಮೇಟೊ ಗಿಡ.

"ನನ್ನ ಕೈಲಾಗಿದ್ದು ಇಷ್ಟೇ ಕಣೇ. ಇನ್ನೂ ದಪ್ಪಗಿದ್ದಿದ್ರೆ ಇನ್ನೂ ಸ್ವಲ್ಪ ಉಳೀತಿತ್ತು," ಎಂದಳು ಅತ್ತೆ.

ಸಿಪ್ಪೆಯಕ್ಕ ಬಕೆಟ್ ಕೆಳಗಿಟ್ಟಳು. ಏಪ್ರನ್ನಿನಲ್ಲೇ ಆಫೀಸಿಗೆ ಹೋದಳು.

"ನನ್ನ ಮಣ್ಣು ಎಲ್ಲಿ ಸಾರ್?"

"ಕೂತ್ಕೊಳ್ಳಮ್ಮ, ಕೂತು ಮಾತಾಡು."

"ಕೂರೋ ಕೆಲಸ ನಮ್ಮತ್ತೆ ಮಾಡಿದ್ದಾಳೆ. ನಾನು ನಿಂತೇ ಕೇಳ್ತೀನಿ."

"ನೋಡು, ಜಾಗ ಆಸ್ಪತ್ರೆದು. ಸಿಪ್ಪೆ ಆಸ್ಪತ್ರೆದು. ನೀನು ತಗೊಳ್ಳೋ ಸಂಬಳ ಆಸ್ಪತ್ರೆದು. ಮಣ್ಣು ಮಾತ್ರ ನಿನ್ನದು ಹೇಗಾಗುತ್ತೆ?"

"ಸಿಪ್ಪೆ ನಿಮ್ಮದೇ ಸಾರ್, ಅಲ್ಲ ಅಂದೋರ್ಯಾರು? ಡ್ರಮ್ಮಲ್ಲಿ ತುಂಬಿ ದಿನಾ ಆಚೆ ಕಳಿಸಿದ್ರಲ್ಲ, ಅದೂ ನಿಮ್ಮ ಸಿಪ್ಪೆನೇ. ಅದು ಯಾಕೆ ಮಣ್ಣಾಗಿ ವಾಪಸ್ ಬರಲಿಲ್ಲ? ಅದೂ ನಿಮ್ಮದೇ, ಇದೂ ನಿಮ್ಮದೇ. ಎರಡರ ನಡುವೆ ಏನು ವ್ಯತ್ಯಾಸ, ಒಂದು ಸುತ್ತೋಲೆ ಬರೆದು ಹೇಳಿ ನೋಡೋಣ."

ಸಾಹೇಬ ಸುತ್ತೋಲೆಯನ್ನೇನೋ ಬರೆದ, ಬೇರೆಯದನ್ನು. ಅಡುಗೆಮನೆಯ ತ್ಯಾಜ್ಯವೂ ಆಸ್ಪತ್ರೆಯ ತ್ಯಾಜ್ಯವೇ ಆದ್ದರಿಂದ ಸೋಂಕಿನ ದೃಷ್ಟಿಯಿಂದ ಸಾಲುಮನೆ ಕಡೆಯ ಹಿಂದಿನ ಗೇಟು ದಾಟುವಂತಿಲ್ಲ. ಸದರಿ ತ್ಯಾಜ್ಯವನ್ನು ಮುಂಭಾಗದ ತೋಟಕ್ಕೆ ಬಳಸತಕ್ಕದ್ದು. ನೆಲದ ಮೇಲೆ ಸುಲಿಯುವುದು ಅನೈರ್ಮಲ್ಯವಾದ್ದರಿಂದ ಹಿಂದಿನಂತೆ ತೊಟ್ಟಿಯ ಮೇಲೆಯೇ ಸುಲಿಯತಕ್ಕದ್ದು.

ಅಡುಗೆಮನೆಯ ಗೋಡೆಗೆ ಅಂಟಿಸಿದ ಅದನ್ನು ಮೇಸ್ತ್ರಿ ಗಟ್ಟಿಯಾಗಿ ಓದಿದ. ಸಿಪ್ಪೆಯಕ್ಕ ಕೈಯಲ್ಲಿದ್ದ ಆಲೂಗಡ್ಡೆ ಎತ್ತಿ ತಿರುಗಿಸಿ ನೋಡಿದಳು.

"ಇದು ಯಾವ ವಾರ್ಡಿಂದು ಮೇಸ್ತ್ರಿ? ಜ್ವರ ಎಷ್ಟಿದೆ? ಹಿಂದಿನ ಗೇಟಲ್ಲಿ ಹೋದ್ರೆ ಸೋಂಕು, ಮುಂದಿನ ಗೇಟಲ್ಲಿ ಹೋದ್ರೆ ಗುಲಾಬಿ. ಒಳ್ಳೆ ರೋಗ."

ನಕ್ಕರೂ ಅವಳಿಗೆ ಒಂದು ವಿಷಯ ಸ್ಪಷ್ಟವಿತ್ತು. ತೊಟ್ಟಿ ವಾಪಸ್ ಬಂದರೆ ಸಿಪ್ಪೆಗೆ ಉಪ್ಪು, ಸಿಪ್ಪೆಯಿಂದ ಮಣ್ಣಿಗೆ ಉಪ್ಪು. ಕಸಿದುಕೊಂಡು ಹೋದರೂ ಮಣ್ಣು ಅವಳದ್ದೇ. ಸಾಹೇಬ ಹಾಳಾಗಲಿ ಎಂದು ಅದನ್ನು ಸಾಯಲು ಬಿಡುವವಳಲ್ಲ. ಗಂಡನ ಕೈಯಲ್ಲಿ, ಬಾಯ್ಲರ್ ಪುಸ್ತಕ ಬರೆಯುವ ಅದೇ ಗುಂಡು ಅಕ್ಷರದಲ್ಲಿ, ನಾಲ್ಕು ಸಾಲು ಬರೆಸಿದಳು: ತೊಟ್ಟಿಯ ಸಿಪ್ಪೆಯಲ್ಲಿ ಉಪ್ಪಿರುತ್ತದೆ. ಗಿಡಕ್ಕೆ ಹಾಕಿದರೆ ಗಿಡ ಸಾಯುತ್ತದೆ, ಮಣ್ಣು ಕೆಡುತ್ತದೆ. ಒಣದಾಗಿ ಸುಲಿಯಲು ಬಿಡಿ. ಮೊದಲೇ ಹೇಳಿದ್ದೇನೆ.

ಆಫೀಸಿನ ಗುಮಾಸ್ತ ಓದಿ ಹಲ್ಲುಬಿಟ್ಟ. "ಗುಲಾಬಿಗೂ ಬಿಪಿ ಬರುತ್ತೇನಕ್ಕಾ?"

"ಬಂದಾಗ ಗೊತ್ತಾಗುತ್ತೆ. ನೀನು ಸೀಲು ಹೊಡಿ."

ಹೊಡೆದ. ತಾರೀಕಿನ ಸಮೇತ. ಅವಳು ನಕಲನ್ನು ಮಡಚಿ ಅಕ್ಕಿ ಡಬ್ಬದಲ್ಲಿಟ್ಟಳು.

ಎರಡು ತಿಂಗಳು ಗುತ್ತಿಗೆದಾರನ ಆಳು ಜರಡಿಯಲ್ಲಿ ಎತ್ತಿದ ಸಿಪ್ಪೆಯನ್ನು ಗುಲಾಬಿ ಬುಡಕ್ಕೆ ಸುರಿದ. ನಾಲ್ವರ ಬೆರಳೂ ಮತ್ತೆ ಬಿರಿದವು. ಹಿಂದಿನ ಗೇಟಿನ ಕಾವಲುಗಾರ, ಎಲ್ಲರೂ ಸೀಟಿಮಾಮ ಎನ್ನುವವನು, ದಿನಾ ಅವಳ ಖಾಲಿ ಬಕೆಟ್ಟಿಗೆ ಬಗ್ಗಿ ಮೂಗು ತೂರಿಸಬೇಕಾಗಿತ್ತು. ಹತ್ತು ವರ್ಷ ಅವಳ ಸೊಪ್ಪು ತಿಂದ ಮನುಷ್ಯ. ಬಗ್ಗುವಾಗ ಕಣ್ಣು ಮೇಲೆತ್ತುತ್ತಿರಲಿಲ್ಲ.

ಮೂರನೆಯ ತಿಂಗಳು ಗುಲಾಬಿ ಎಲೆಯ ಅಂಚು ಕಂದಾಯಿತು. ಇಟ್ಟಿಗೆ ಸಾಲಿನೊಳಗೆ ಬಿಳಿ ಪೊರೆ ಕಂಡಿತು. ಸಾಹೇಬ ಗಿಡ ಕಿತ್ತು ಹೊಸ ಗಿಡ ಹಾಕಿಸಿದ. ಅವೂ ಸುಟ್ಟವು. ತಪಾಸಣೆಗೆ ಒಂಬತ್ತು ದಿನ ಇರುವಾಗ ಅವಳನ್ನು ಕರೆಸಿದ.

"ಏನು ಮದ್ದು ಹಾಕ್ದೆ?"

"ನೀವು ಹೇಳಿದ್ದನ್ನೇ ಹಾಕಿದ್ದಾರೆ. ಏನಾಗುತ್ತೆ ಅಂತ ನಾನು ಬರೆದುಕೊಟ್ಟಿದ್ದೀನಿ, ನಿಮ್ಮದೇ ಸೀಲಿದೆ."

ಸಾಹೇಬ ಕಾಗದ ನೋಡಿದ, ಕನ್ನಡಕ ತೆಗೆದ, ದನಿ ಇಳಿಸಿದ. "ಆಗಿದ್ದು ಆಯ್ತು. ಸರಿ ಮಾಡೋಕಾಗುತ್ತಾ?"

"ಆಗುತ್ತೆ. ಉಪ್ಪಿಗೆ ಏನು ಮದ್ದು ಅಂತ ನಮ್ಮತ್ತೆಗೆ ಗೊತ್ತು. ಎರಡು ಮಾತಿದೆ. ಸರಿಯಾದ ಮೇಲೆ ಮಣ್ಣು ವಾಪಸ್ ಹಿಂದಕ್ಕೆ ಬರಬೇಕು. ಅದಕ್ಕೂ ಮುಂಚೆ ಒಂದು ಕಾಗದದಲ್ಲಿ ಒಂದೇ ಒಂದು ಸಾಲು ಬರೀಬೇಕು, ಈ ಮಣ್ಣು ಹಿಂದಿನ ಸಾಲುಮನೆಯವರು ಮಾಡಿದ್ದು ಅಂತ. ಅದಕ್ಕೂ ಸೀಲು."

"ಪ್ರಶಸ್ತಿಪತ್ರ ಕೊಡಿಸ್ತೀನಿ. ಉತ್ತಮ ನೌಕರಳು ಅಂತ. ಫೋಟೋ ಸಮೇತ."

"ನಾನು ಉತ್ತಮಳು ಅಂತ ನನಗೆ ಗೊತ್ತು ಸಾರ್. ಮಣ್ಣು ಯಾರದ್ದು ಅಂತ ನಿಮಗೆ ಗೊತ್ತಾಗಬೇಕಾಗಿರೋದು."

ಲಿಫ್ಟಿನಲ್ಲಿ ಯಾವ ಕಡೆ ಮುಖ ಮಾಡಬೇಕೆಂದು ಒಂದೂವರೆ ಪುಟ ಬರೆದ ಕೈಗೆ ಆ ಒಂದು ಸಾಲು ಬರೆಯಲಾಗಲಿಲ್ಲ. ಬರೆದರೆ ಲಾರಿ ಕಳಿಸಿದ್ದಕ್ಕೆ ಬೇರೆ ಹೆಸರು ಬರುತ್ತದೆ ಎಂದು ಅವನಿಗೂ ಗೊತ್ತಿತ್ತು. ಬದಲಿಗೆ ನಾಲ್ಕು ನೋಟೀಸು ಬರೆದ, ಸುಲಿಯುವ ನಾಲ್ವರಿಗೂ ಒಂದೊಂದು. ಉದ್ದೇಶಪೂರ್ವಕವಾಗಿ ತೋಟ ಹಾಳು ಮಾಡಿದ ನಿಮ್ಮನ್ನು ಕೆಲಸದಿಂದ ಏಕೆ ತೆಗೆಯಬಾರದು, ಹದಿನೈದು ದಿನದಲ್ಲಿ ಉತ್ತರಿಸಿ.

ಆ ದಿನ ನಾಲ್ವರೂ ಅಡುಗೆಮನೆಯ ಹಿಂದಿನ ಮೆಟ್ಟಿಲ ಮೇಲೆ ಕೂತರು. ಕಿರಿಯವಳು ಕೆಲಸ ಬಿಟ್ಟು ಕೂರೋಣ, ಆಗ ಬುದ್ಧಿ ಬರುತ್ತದೆ ಎಂದಳು.

"ನಾವು ಬಿಟ್ರೆ ಮುನ್ನೂರು ಹೊಟ್ಟೆ ಖಾಲಿ," ಎಂದಳು ಸಿಪ್ಪೆಯಕ್ಕ. "ಅವನಿಗೆ ಬೇಕಾಗಿರೋದೂ ಅದೇ, ರೋಗಿಗಳನ್ನ ಉಪವಾಸ ಕೆಡವಿದ್ರು ಅಂತ ಬರೆಯೋಕೆ. ಕೆಲಸ ಬಿಡೋದು ಬೇಡ. ಕೆಲಸ ಮಾಡೋಣ. ಎಲ್ಲರಿಗೂ ಕಾಣೋ ಹಾಗೆ ಮಾಡೋಣ."

ತಪಾಸಣೆಯ ದಿನ ಊಟ ತಡವಾಗಬಾರದೆಂದು ಆರರ ಬದಲು ಐದಕ್ಕೇ ಎದ್ದು ಬಂದರು. ಮೂಟೆಗಳನ್ನು ಮುಂಬಾಗಿಲಿಗೆ ಎಳೆದರು. ಹಾಗೆ ಎಳೆಯುವಾಗ ಮೇಸ್ತ್ರಿ ಗೋಡೆ ಕಡೆ ತಿರುಗಿ ಉಪ್ಪಿನ ಡಬ್ಬ ಹುಡುಕುತ್ತಿದ್ದನಂತೆ, ಏನೂ ಕಾಣಲಿಲ್ಲವಂತೆ. ಸತ್ತ ಗುಲಾಬಿಗಳ ಪಕ್ಕದ ಹಾದಿಯಲ್ಲಿ ಗೋಣಿ ಹಾಸಿ, ನಾಲ್ವರೂ ಸುತ್ತ ಕೂತು ಸುಲಿಯತೊಡಗಿದರು. ಸಿಪ್ಪೆಯಕ್ಕನ ಏಪ್ರನ್ನಿಗೆ ಸೀಲು ಹೊಡೆದ ಕಾಗದ ಪಿನ್ನು ಮಾಡಿತ್ತು. ಅತ್ತೆ ಅದೇ ಸ್ಟೂಲು ತಂದು ಪಕ್ಕದಲ್ಲಿ ಹಾಕಿಕೊಂಡಳು.

ಎಂಟರ ಹೊತ್ತಿಗೆ ರೋಗಿಗಳ ಮನೆಯವರು ಸುತ್ತ ನೆರೆದರು. ಒಬ್ಬ ಹೆಂಗಸು ವಾರದಿಂದ ಮಗನ ಹಾಸಿಗೆ ಪಕ್ಕ ಬೆಂಚಿನ ಮೇಲೆ ಮಲಗುತ್ತಿದ್ದವಳು, "ಒಳಗೆ ಕೂತು ಕೂತು ಸಾಕಾಯ್ತು, ನನಗೂ ಒಂದು ಚಾಕು ಕೊಡಿ" ಎಂದು ಕೂತೇಬಿಟ್ಟಳು. ಅವಳ ಹಿಂದೆ ಇನ್ನೂ ಇಬ್ಬರು. ಆಗ ಸಾಹೇಬ ಮೆಟ್ಟಿಲಿಳಿದು ಓಡಿಬಂದ, ಹಿಂದೆಯೇ ತಪಾಸಣೆ ತಂಡದ ಕಾರು.

"ಸೆಕ್ಯೂರಿಟಿ! ಇವರನ್ನ ಎಬ್ಬಿಸಿ! ತೋಟಕ್ಕೆ ವಿಷ ಹಾಕಿದ್ದೂ ಅಲ್ಲದೆ..."

"ವಿಷ ಅಲ್ಲ ಮಗಾ," ಎಂದಳು ಅತ್ತೆ. ಬಗ್ಗಿ ಒಂದು ಚಿಟಿಕೆ ಬಿಳಿ ಪೊರೆ ಎತ್ತಿ ಅಂಗೈ ಚಾಚಿದಳು. "ತಗೋ, ನಿನ್ನ ಗುಲಾಬಿ ತಿಂದಿದ್ದನ್ನ ನೀನೂ ರುಚಿ ನೋಡು."

ಸಾಹೇಬ ಎರಡು ಹೆಜ್ಜೆ ಹಿಂದೆ ಸರಿದ. ಮುಂದೆ ಬಂದವನು, ಎಬ್ಬಿಸಲು ಕರೆಸಿಕೊಂಡ ಸೀಟಿಮಾಮ. ಮುದುಕಿಯ ಅಂಗೈಯಿಂದ ಚಿಟಿಕೆ ತೆಗೆದುಕೊಂಡ. ಟೋಪಿ ತೆಗೆದು ಕಂಕುಳಲ್ಲಿ ಸಿಕ್ಕಿಸಿಕೊಂಡು, ಮಣ್ಣನ್ನು ನಾಲಿಗೆಗೆ ಮುಟ್ಟಿಸಿದ.

"ಉಪ್ಪೇ ಸಾರ್," ಎಂದ. "ನಮ್ಮ ತೊಟ್ಟಿ ಉಪ್ಪು." ಆಮೇಲೆ ಯಾರೂ ಕೇಳದಿದ್ದರೂ ಇನ್ನೊಂದು ಮಾತು ಸೇರಿಸಿದ: "ಹಿಂದೆ ಈ ಮಣ್ಣಿನ ಸೊಪ್ಪು ತಿಂದಿದ್ದೀನಿ. ಸಿಹಿಯಿತ್ತು."

"ಉಪ್ಪು ತಿಂದ ಮೇಲೆ ನೀರು ಕುಡೀಲೇಬೇಕು," ಎಂದಳು ಅತ್ತೆ. "ಮಣ್ಣಾದ್ರೂ ಸರಿ, ಸಾಹೇಬನಾದ್ರೂ ಸರಿ."

ತಂಡದವರು ಏಪ್ರನ್ನಿನ ಮೇಲಿನ ಕಾಗದ ಓದಿದರು, ತಮ್ಮ ಪುಸ್ತಕದಲ್ಲಿ ಏನೋ ಗೀಚಿಕೊಂಡರು, ಒಳಗೆ ಹೋದರು. ಅವರು ನ್ಯಾಯ ಮಾಡಿದರು ಎಂದು ಯಾರೂ ತಿಳಿಯಬೇಡಿ, ಅವರು ಬಂದದ್ದು ದರ್ಜೆ ಕೊಡಲು. ನ್ಯಾಯ ಆದದ್ದು ಗೋಣಿಯ ಸುತ್ತ. ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಸುಲಿದ ತರಕಾರಿ ಒಳಗೆ ಹೋಯಿತು, ಊಟ ಒಂದು ನಿಮಿಷವೂ ತಡವಾಗಲಿಲ್ಲ. ಮಾರನೆಯ ದಿನವೂ ಅಲ್ಲೇ ಕೂತರು, ಅದರ ಮಾರನೆಯ ದಿನವೂ. ಆರನೆಯ ದಿನ ನೋಟೀಸುಗಳು ವಾಪಸಾದವು. ಎಂಟನೆಯ ದಿನ ಸುತ್ತೋಲೆಯೂ ವಾಪಸಾಯಿತು, 'ಆಡಳಿತಾತ್ಮಕ ಕಾರಣಗಳಿಂದ'. ಗೋಣಿ ಅಡುಗೆಮನೆಗೆ ಮರಳಿತು, ಸಿಪ್ಪೆ ಹಿಂದಿನ ಗೇಟು ದಾಟಿತು. ಸೀಟಿಮಾಮ ಈಗ ಬಕೆಟ್ಟಿಗೆ ಬಗ್ಗುವುದಿಲ್ಲ, ಗೇಟು ತೆಗೆದು ಹಿಡಿಯುತ್ತಾನೆ.

ಮಣ್ಣು ಬರಲಿಲ್ಲ. ಆ ಸಾಲೂ ಬರಲಿಲ್ಲ. ಕೊನೆಗೊಮ್ಮೆ ಗುತ್ತಿಗೆದಾರ ಬಂದು, "ಬೇಕಾದ್ರೆ ಆ ಕೆಟ್ಟ ಮಣ್ಣನ್ನೇ ತಂದು ಸುರೀತೀವಿ, ತಗೊಂಡು ಸುಮ್ಮನಾಗಿ" ಎಂದ. ಸಿಪ್ಪೆಯಕ್ಕ ಒಪ್ಪಲಿಲ್ಲ. "ಒಯ್ದಾಗ ಹೇಗಿತ್ತೋ ಹಾಗೆ ತನ್ನಿ. ಉಪ್ಪು ಹಾಕಿದೋರು ತೊಳೀಲಿ, ನಾನು ಬಂದು ನೆಕ್ಕಿ ನೋಡ್ತೀನಿ."

ಅತ್ತೆ ಕೂತು ಉಳಿಸಿದ ದಿಬ್ಬವನ್ನು ಹರಡಿ, ಅದರಲ್ಲಿದ್ದ ಹುಳವನ್ನೇ ನೆಚ್ಚಿಕೊಂಡು, ಮತ್ತೆ ಮೊದಲಿನಿಂದ ಶುರು ಮಾಡಿದ್ದಾರೆ. ಈಗ ನಾಲ್ಕು ಹೆಜ್ಜೆ ಕಪ್ಪಾಗಿದೆ, ಹದಿನಾರು ಹೆಜ್ಜೆ ಕಿಟ್ಟ. ಅವಳ ಸೇವೆ ಇನ್ನು ಮೂರು ವರ್ಷ, ಆಮೇಲೆ ಮನೆ ಬಿಡಬೇಕು. ಮೂರು ವರ್ಷದಲ್ಲಿ ಮುಗಿಯುವ ಕೆಲಸ ಇದಲ್ಲ ಎಂದು ಯಾರೋ ಬುದ್ಧಿ ಹೇಳಿದರು. ಬಿಟ್ಟು ಹೋಗುವ ಮನೆಗೆ ಯಾಕಮ್ಮ ಇಷ್ಟು ಹಟ ಎಂದರು.

"ನಾನು ಹೋದ ಮೇಲೆ ಆ ಮನೆಗೆ ಇನ್ನೊಬ್ಬಳು ಸುಲಿಯೋಳೇ ಬರ್ತಾಳೆ," ಎಂದಳು. "ಅವಳಿಗೆ ಕಿಟ್ಟ ಒಪ್ಪಿಸಿ ಹೋಗು ಅಂತೀರಾ? ನನಗೆ ಕೊಟ್ಟಿದ್ದು ಅದನ್ನೇ. ಅವಳಿಗೆ ಅದೇ ಕೊಡಲ್ಲ."

ಓದುತ್ತಿರುವವರೇ, ನೀವೂ ಆ ಮುಂಬಾಗಿಲಲ್ಲಿ ಹೋಗಿದ್ದೀರಿ. ನಿಮ್ಮವರು ಯಾರೋ ಅಲ್ಲಿ ಮಲಗಿ, ಅವಳು ಸುಲಿದದ್ದನ್ನು ತಿಂದು ಎದ್ದು ಮನೆಗೆ ಬಂದಿದ್ದಾರೆ. ನಿಮ್ಮ ಮನೆಯಲ್ಲಿಯೂ ಇವತ್ತು ಸುಲಿದದ್ದರ ಒಂದು ಪಾಲು ಡ್ರಮ್ಮಿಗೆ ಹೋಗಿದೆ. ನಾಳೆ ಅದನ್ನು ಒಣದಾಗಿ ಸುಲಿದು, ಬೆರಳುದ್ದ ಕತ್ತರಿಸಿ, ಒಂದು ಬಕೆಟ್ಟಿನಲ್ಲಿ ಹಿಂದಿನ ಗೇಟಿಗೆ ತನ್ನಿ. ಸೀಟಿಮಾಮ ಗೇಟು ತೆಗೆಯುತ್ತಾನೆ. ಎಂಟು ಮನೆಯ ಬಕೆಟ್ಟಿಗೆ ಹನ್ನೆರಡು ವರ್ಷ ಹಿಡಿದ ಕೆಲಸ, ಇಷ್ಟು ಜನರ ಬಕೆಟ್ಟಿಗೆ ಮೂರು ವರ್ಷ ಹೆಚ್ಚಾಯಿತು. ಇದರಿಂದ ಆಸ್ಪತ್ರೆಯ ಸಾಲ ತೀರಿತು ಎಂದುಕೊಳ್ಳಬೇಡಿ. ಖಾಲಿ ಬಕೆಟ್ ಹಿಡಿದು ಮುಂಬಾಗಿಲಿಗೆ ಸುತ್ತಿ ಬನ್ನಿ, ಆಫೀಸಿನ ಕಿಟಕಿಯ ಮುಂದೆ ನಿಂತು ಗಟ್ಟಿಯಾಗಿ ಕೇಳಿ: ಈ ಮಣ್ಣು ಯಾರದ್ದು? ಬರೆದು, ಸೀಲು ಹೊಡೆದು ಕೊಡುವವರೆಗೆ ಅಲ್ಲಿಂದ ಕದಲಬೇಡಿ.